ಇಂಗಳವಾಡಗಿಯ ಪಾಳಿದಿಬ್ಬ

ಇಂಗಳವಾಡಗಿಯಲ್ಲಿ ಬಸ್ಸಿನಿಂದ ಇಳಿದು ಎಡಕ್ಕೆ ನೋಡಿದರೆ ಕರಿಮಣ್ಣಿನ ಬಯಲು, ಬಯಲಿನ ನಡುವೆ ಒಂದು ದಿಬ್ಬ. ಅದೇನು ದೊಡ್ಡ ಗುಡ್ಡವಲ್ಲ, ಎರಡಾಳು ಎತ್ತರ ಇದ್ದೀತು. ಮೈತುಂಬ ಜಾಲಿ ಬೆಳೆದಿದೆ. ಮಳೆ ಬಿದ್ದು ಮಣ್ಣು ಜಾರಿದಾಗ ಕಲ್ಲುಗಳ ಸಂದಿಯಿಂದ ಮಡಕೆಯ ಚೂರುಗಳು ಹೊರಗೆ ಬರುತ್ತವೆ. ಸುತ್ತಲೂ ಹಳೆಯ ಊರಿನ ಗೋಡೆಗಳ ಬುಡಗಳು ಇಂದಿಗೂ ಹಾಗೆಯೇ ಉಳಿದಿವೆ. ಒಬ್ಬ ಮನುಷ್ಯ ಆ ಬುಡದ ಮೇಲೆ ಅಡ್ಡಡ್ಡ ಮಲಗಬಹುದು, ಅಷ್ಟು ದಪ್ಪ. ನೋಡಲು ಬಂದವರೆಲ್ಲ ಇದು ಯಾವ ರಾಜನ ಕೋಟೆ ಎಂದು ಕೇಳುತ್ತಾರೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಅವರಿಗೆ ರಾಜನನ್ನೂ ಕೊಡುತ್ತಾನೆ, ರಾಣಿಯನ್ನೂ ಕೊಡುತ್ತಾನೆ, ಹೂತಿಟ್ಟ ಬಂಗಾರವನ್ನೂ ಕೊಡುತ್ತಾನೆ. ಅದನ್ನು ಕೇಳಿದಾಗ ನನಗೆ ಮೈ ಉರಿಯುತ್ತದೆ. ರಾಜನೂ ಇರಲಿಲ್ಲ, ಬಂಗಾರವೂ ಇರಲಿಲ್ಲ. ಇದ್ದದ್ದು ಹೇಸಿಗೆಯ ಒಂದು ಕತೆ. ನನ್ನ ಅಜ್ಜ ತಮ್ಮ ಅಜ್ಜಿಯಿಂದ ಕೇಳಿ ನನಗೆ ಹೇಳಿದ್ದು. ದಿಬ್ಬದ ಹೆಸರಿನ ಬಗ್ಗೆ ಕೇಳಿದವರಿಗೆ ನಾನು ಅದನ್ನೇ ಹೇಳುತ್ತೇನೆ, ಕೇಳಿದ ಮೇಲೆ ಅವರ ಮುಖ ಸಪ್ಪಗಾದರೆ ಅದಕ್ಕೆ ನಾನು ಹೊಣೆಯಲ್ಲ.

ಹಿಂದೆ ಒಮ್ಮೆ, ಈ ಸೀಮೆಗೆ ಡಾಂಬರು ರಸ್ತೆಯೂ ರೈಲೂ ಬರುವುದಕ್ಕೆ ಎಷ್ಟೋ ಮೊದಲು, ಇಂಗಳವಾಡಗಿ ಆ ಬಯಲಿನಲ್ಲಿಯೇ ಇತ್ತು ಎನ್ನುತ್ತಾರೆ. ಊರ ಸುತ್ತ ಗೋಡೆ, ಗೋಡೆಗೊಂದು ಅಗಸಿ ಬಾಗಿಲು. ಅಗಸಿಯ ಒಳಗೆ ಕಲ್ಲಿನ ಮನೆಗಳು, ಹೊರಗೆ ಹುಲ್ಲಿನ ಗುಡಿಸಲುಗಳು. ಒಳಗಿನವರಿಗೆ ಗೋಡೆಯ ದಪ್ಪವೇ ಮರ್ಯಾದೆ. ಹೆಣ್ಣು ಕೊಡಲು ಬಂದವರು ಹುಡುಗನ ಮುಖ ನೋಡುವ ಮೊದಲು ಬಾಗಿಲಲ್ಲಿ ನಿಂತು ಗೋಡೆಗೆ ಮೊಳ ಹಾಕುತ್ತಿದ್ದರಂತೆ. ಗುಂಡುಕಲ್ಲನ್ನು ಕೆಸರಿನಲ್ಲಿ ಪೇರಿಸಿದ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲ ಹತ್ತಿರ ಬಂದಾಗ ಸೋರದಿರಲಿ ಎಂದು ಮಾಳಿಗೆಗೆ ಹೊಸ ಮಣ್ಣು ಹಾಕುತ್ತಿದ್ದರು. ಹಳೆಯದನ್ನು ತೆಗೆಯುವ ಪದ್ಧತಿ ಇರಲಿಲ್ಲ. ಅಪ್ಪ ಹಾಕಿದ ಮಣ್ಣನ್ನು ಮಗ ತೆಗೆದರೆ ಮನೆತನಕ್ಕೆ ಕುಂದು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಮಾಳಿಗೆ ದಪ್ಪವಾಗುತ್ತ ಬಂತು. ಬೇಸಿಗೆಯಲ್ಲಿ ಒಳಗೆ ತಂಪಾಗಿರುತ್ತಿತ್ತು ನಿಜ. ಆದರೆ ತಲೆಯ ಮೇಲೆ ಇಷ್ಟು ಭಾರ ಹೇರಿಕೊಂಡು ಮಲಗಿದ್ದೇವಲ್ಲ ಎಂದು ಒಬ್ಬನಿಗೂ ಅನ್ನಿಸಲಿಲ್ಲ.

ಈ ಊರಲ್ಲಿ ಎಲ್ಲಕ್ಕಿಂತ ಮೇಲಿನದು ವೀಳ್ಯದ ಪಾಳಿ. ಯುಗಾದಿಯ ದಿನ ಚಾವಡಿಯಲ್ಲಿ ಎಲೆ ಅಡಿಕೆಯ ಹರಿವಾಣ ತರುತ್ತಿದ್ದರು. ಮೊದಲ ಎಲೆ ಗೌಡನಿಗೆ, ಆಮೇಲೆ ಕುಲಕರ್ಣಿಗೆ, ಆಮೇಲೆ ಮಠದ ಮನೆಗೆ, ಹೀಗೆ ಮನೆ ಮನೆ ಇಳಿಯುತ್ತ ಬಂದು ಕೊನೆಯ ಎಲೆ ಕುಂಬಾರನಿಗೆ. ಅಗಸಿಯ ಹೊರಗಿನವರಿಗೆ ಪಾಳಿಯೇ ಇಲ್ಲ, ಅವರು ದೂರದಲ್ಲಿ ನಿಂತು ನೋಡಬೇಕು. ಮದುವೆಯ ಊಟವಿರಲಿ, ಹೊಳೆಯಿಂದ ಕಾಲುವೆಗೆ ನೀರು ಬಿಡುವುದಿರಲಿ, ಹೆಣಕ್ಕೆ ಹೆಗಲು ಕೊಡುವುದಿರಲಿ, ಎಲ್ಲವೂ ಅದೇ ಪಾಳಿಯಲ್ಲಿ ನಡೆಯುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾದರೆ ಹೊಲಕ್ಕೆ ಜಗಳವಾಡುವ ಬದಲು ಪಾಳಿಯಲ್ಲಿ ಯಾರು ಮುಂದೆ ಎಂದು ತಲೆ ಒಡೆದುಕೊಳ್ಳುತ್ತಿದ್ದರು. ನಮ್ಮ ಮನೆಯೂ ಆ ಪಾಳಿಯಲ್ಲಿ ನಡುವೆ ಎಲ್ಲೋ ಇತ್ತು. ಅದನ್ನು ನನ್ನ ಚಿಕ್ಕಪ್ಪ ಈಗಲೂ ಎದೆಯುಬ್ಬಿಸಿ ಹೇಳುವುದುಂಟು, ಅವನಿಗೆ ನಾಚಿಕೆ ಎನ್ನುವುದು ಹುಟ್ಟುವಾಗಲೇ ಇರಲಿಲ್ಲ.

ಆ ಕಾಲದ ಕುಂಬಾರನ ಹೆಸರು ಸಾಯಬಣ್ಣ. ಮಾತು ಕಡಿಮೆ, ತನ್ನ ತಿಗರಿ, ತನ್ನ ಆವಿಗೆ, ಇಷ್ಟೇ ಅವನ ಲೋಕ. ಹೆಂಡತಿ ತುಳಜವ್ವ ಅವನಿಗಿಂತ ಚುರುಕು, ಬಾಯಿ ಸ್ವಲ್ಪ ಜೋರು. ಮಕ್ಕಳಿರಲಿಲ್ಲ. ಒಂದು ಯುಗಾದಿಗೆ ಮಠಕ್ಕೆ ಹೊಸದಾಗಿ ಬಂದಿದ್ದ ಎಳೆಯ ಅಯ್ಯನವರ ಕೈಯಲ್ಲಿ ಹರಿವಾಣ ಕೊಟ್ಟು, ನೀವೇ ಹಂಚಿರಿ ಎಂದರು. ಪೂಜೆಯ ಹೊಸ ಬಿಂದಿಗೆ ತಂದು ಇಟ್ಟ ಸಾಯಬಣ್ಣ ಅವರ ಪಕ್ಕದಲ್ಲಿಯೇ ನಿಂತಿದ್ದ. ಊರಿನ ರೀತಿ ಗೊತ್ತಿಲ್ಲದ ಆ ಅಯ್ಯನವರು ಹತ್ತಿರದಲ್ಲಿ ಯಾರಿದ್ದರೋ ಅವರಿಗೆ ಎಂದು ಮೊದಲ ಎಲೆಯನ್ನು ಕುಂಬಾರನ ಕೈಗೆ ಇಟ್ಟುಬಿಟ್ಟರು. ಗುರುಗಳು ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಸಾಯಬಣ್ಣ ಅದನ್ನು ಕಣ್ಣಿಗೊತ್ತಿಕೊಂಡು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡ. ಬಾಯಿಗೆ ಹಾಕಲಿಲ್ಲ. ಅಂದು ಗೌಡನಾಗಿದ್ದ ದ್ಯಾವನಗೌಡ ಅಯ್ಯನವರಿಗೆ ಏನೂ ಅನ್ನಲಿಲ್ಲ. ಕುಂಬಾರನ ಕಡೆ ಮಾತ್ರ ಒಮ್ಮೆ ನೋಡಿದ. ಆ ನೋಟಕ್ಕೆ ಸಾಯಬಣ್ಣ ಎಷ್ಟು ಕುಗ್ಗಿದನೆಂದರೆ, ಆಮೇಲೆ ಎಷ್ಟೋ ದಿನ ಚಾವಡಿಯ ಮುಂದೆ ಹಾಯದೆ ಹಿಂದಿನ ಓಣಿಯಲ್ಲಿ ಓಡಾಡಿದನಂತೆ.

ಅದೇ ಬೇಸಿಗೆಯಲ್ಲಿ ನೆಲ ನಡುಗಿತು. ಮೊದಲು ಬಾವಿಗಳ ನೀರು ಕದಡಿ ಗಂಧಕದ ನಾತ ಹೊಡೆಯಿತು, ಹುತ್ತದ ಹಾವುಗಳು ಹಗಲಲ್ಲೇ ಬದುವಿನ ಮೇಲೆ ಬಂದು ಬಿದ್ದುಕೊಂಡವು ಎನ್ನುತ್ತಾರೆ. ಕೆಲವು ದಿನ ನೆಲದ ಹೊಟ್ಟೆಯಲ್ಲಿ ಬೀಸುಕಲ್ಲು ತಿರುಗಿಸಿದಂಥ ಸದ್ದು ಕೇಳುತ್ತಿತ್ತಂತೆ. ಅದಕ್ಕೆ ಒಂದು ಶಾಂತಿ ಮಾಡಿಸಿ ಕೈ ತೊಳೆದುಕೊಂಡರು. ಒಂದು ಮಧ್ಯಾಹ್ನ ಊರಿಗೆ ಊರೇ ಉಂಡು ತಂಪಾದ ಮನೆಗಳೊಳಗೆ ಅಡ್ಡಾಗಿದ್ದಾಗ ಕೆಳಗಿನಿಂದ ಯಾರೋ ಎತ್ತಿ ಕುಕ್ಕಿದಂತಾಯಿತು. ಕೆಸರಿಗೆ ಅಂಟಿಕೊಂಡಿದ್ದ ಗುಂಡುಕಲ್ಲುಗಳು ಜೋಳದ ಚೀಲ ಬಿಚ್ಚಿದಂತೆ ಸುರಿದವು. ಗೋಡೆ ಬಿಟ್ಟ ಮೇಲೆ ತೊಲೆ ನಿಲ್ಲುತ್ತದೆಯೇ? ತಲೆಮಾರುಗಳ ಮಣ್ಣು ಒಟ್ಟಿಗೇ ಕೆಳಗೆ ಬಂತು. ಕೂಗಾಟ ಕೂಡ ಹೆಚ್ಚು ಹೊತ್ತು ಇರಲಿಲ್ಲವಂತೆ, ಮಣ್ಣು ಬಾಯಿ ತುಂಬಿಬಿಟ್ಟಿತ್ತು. ಆಮೇಲೆ ಧೂಳು, ಒಲೆಗಳಿಂದ ಎದ್ದ ಹೊಗೆ, ಕಟ್ಟಿದಲ್ಲೇ ಸತ್ತ ದನಗಳ ನಾತ. ಮರ್ಯಾದೆ ಎಷ್ಟು ದಪ್ಪವಿತ್ತೋ ಆ ಮನೆಯಲ್ಲಿ ಅಷ್ಟು ಹೆಣ. ಅಗಸಿಯ ಹೊರಗಿನ ಹುಲ್ಲಿನ ಗುಡಿಸಲುಗಳು ಓಲಾಡಿ ಒಂದು ಕಡೆ ವಾಲಿದವು, ಅಷ್ಟೇ. ಅಲ್ಲಿ ಒಂದು ಮುದುಕಿಯ ಕೈ ಉಳುಕಿತು ಎನ್ನುವುದನ್ನು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ತುಳಜವ್ವ ಆಗ ಕೆರೆಯಂಗಳದಲ್ಲಿ ಮಣ್ಣು ಅಗೆಯುತ್ತಿದ್ದಳು. ಬಿದ್ದು ಎದ್ದು ಓಡಿ ಬಂದು ನೋಡಿದರೆ ಮನೆ ಇರಲಿಲ್ಲ, ಮನೆಯಷ್ಟೇ ಎತ್ತರದ ರಾಶಿ ಇತ್ತು. ಹೆಸರು ಹಿಡಿದು ಕೂಗಬಾರದ ಗಂಡನನ್ನು ಅಂದು ಹೆಸರು ಹಿಡಿದೇ ಕೂಗಿದಳು. ಒಳಗಿನಿಂದ ಓ ಎಂದು ದನಿ ಬಂತು. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ದೊಡ್ಡ ಹರವಿ ಮಡಕೆಗಳ ಮೇಲೆ ತೊಲೆ ಬಿದ್ದು, ಕೆಳಗೆ ಒಬ್ಬ ಮನುಷ್ಯ ಮಲಗುವಷ್ಟು ಗೂಡು ಉಳಿದಿತ್ತು. ಸಾಯಬಣ್ಣನ ಕಾಲು ತೊಲೆಯಡಿ ಸಿಕ್ಕಿತ್ತು, ಉಸಿರಿಗೆ ತೊಂದರೆ ಇರಲಿಲ್ಲ. ಕಲ್ಲುಗಳ ನಡುವೆ ಕೈ ತೂರದಷ್ಟು ಕಿರಿದಾದ ಒಂದು ಸಂದಿಯಿಂದ ಅವನ ಮಾತು ಕೇಳುತ್ತಿತ್ತು. ತುಳಜವ್ವ ತನ್ನ ಸೀರೆಯ ಸೆರಗನ್ನು ನೆನೆಸಿ ಆ ಸಂದಿಯಲ್ಲಿ ಇಳಿಬಿಟ್ಟು, ತುದಿಯಿಂದ ಅವನ ಬಾಯಿಗೆ ನೀರು ತೊಟ್ಟಿಕ್ಕುವಂತೆ ಮಾಡಿದಳು. ಅವನನ್ನು ಹೊರಗೆ ತೆಗೆಯುವುದಕ್ಕೆ ಬೇಕಾಗಿದ್ದದ್ದು ಹಾರೆ ಹಿಡಿದ ಕೆಲವು ಗಂಡಾಳು, ಅರ್ಧ ಹಗಲಿನ ಕೆಲಸ.

ಆಳುಗಳು ಬಂದರು ಕೂಡ. ಗುಡಿಸಲಿನವರಿಗೆಲ್ಲ ಹಿರಿಯನಾಗಿದ್ದ ದುರಗಪ್ಪ ಹಾರೆ ಗುದ್ದಲಿ ಹಿಡಿದವರನ್ನು ಕಟ್ಟಿಕೊಂಡು ಅಗಸಿಯೊಳಗೆ ನುಗ್ಗಿ, ಎಲ್ಲಿ ದನಿ ಕೇಳಿದರೆ ಅಲ್ಲಿ ಅಗೆಯಿರಿ ಎಂದ. ಇಷ್ಟು ಸರಳವಾದ ಬುದ್ಧಿ ಅದು. ಅಗಸಿಗೆ ಹತ್ತಿರದಲ್ಲಿದ್ದದ್ದು ಕುಂಬಾರನ ಮನೆ, ದನಿಯೂ ಕೇಳುತ್ತಿತ್ತು, ಆದ್ದರಿಂದ ಮೊದಲ ಹಾರೆ ಅಲ್ಲಿಯೇ ಬಿತ್ತು. ಕೆಲವು ಕಲ್ಲು ಸರಿಸಿದ್ದರೋ ಇಲ್ಲವೋ, ನೆಲ ಮತ್ತೆ ಅಲುಗಾಡಿತು. ಎಲ್ಲರೂ ಬಿಟ್ಟೋಡಿದರು. ಕಣದಲ್ಲಿದ್ದು ಬದುಕುಳಿದಿದ್ದ ದ್ಯಾವನಗೌಡ ಅದೇ ಹೊತ್ತಿಗೆ ಅಲ್ಲಿಗೆ ಬಂದ. ಮೈಯೆಲ್ಲ ಧೂಳು, ತಲೆಯ ಮೇಲೆ ರುಮಾಲಿಲ್ಲ. ಅವನು ಕುಂಬಾರನ ರಾಶಿಯ ಕಡೆ ನೋಡಿದ, ಅಲ್ಲಿ ಬಿದ್ದಿದ್ದ ಹಾರೆಯ ಕಡೆ ನೋಡಿದ. ಯುಗಾದಿಯ ಎಲೆ ಅವನ ತಲೆಯಿಂದ ಹೋಗಿರಲಿಲ್ಲ. ಪಾಳಿ ತಪ್ಪಿದ್ದಕ್ಕೆ ಭೂಮಿತಾಯಿ ಮುನಿದಿದ್ದಾಳೆ, ಈಗ ಮತ್ತೆ ಪಾಳಿ ತಪ್ಪಿಸಿದ್ದಕ್ಕೆ ಮತ್ತೆ ನಡುಗಿದ್ದಾಳೆ ಎಂದ. ಬದುಕುಳಿದಿದ್ದ ನಾಲ್ಕಾರು ಹಿರಿಯರು ಹೌದು ಎಂದು ತಲೆ ಆಡಿಸಿದರು. ಮನೆ ಬಿದ್ದಿತ್ತು, ಮಕ್ಕಳು ಮಣ್ಣಡಿ ಇದ್ದರು, ಈ ತಲೆ ಆಡಿಸುವುದೊಂದು ಮಾತ್ರ ನಿಂತಿರಲಿಲ್ಲ.

ಇವತ್ತು ಶಾಲೆಗೆ ಹೋಗುವ ಮಗುವಿಗೂ ಗೊತ್ತು. ಕೆಳಗೆ ಆಳದಲ್ಲಿ ಬಂಡೆಗಳು ಎಷ್ಟೋ ಕಾಲ ಒಂದನ್ನೊಂದು ಒತ್ತಿಕೊಂಡಿದ್ದು, ತಾಳಲಾರದೆ ಜಾರಿದಾಗ ನೆಲ ನಡುಗುತ್ತದೆ. ದೊಡ್ಡದಾಗಿ ಜಾರಿದ ಮೇಲೆ ಸರಿಯಾಗಿ ಕೂತುಕೊಳ್ಳುವವರೆಗೆ ಮತ್ತೆ ಮತ್ತೆ ಸಣ್ಣದಾಗಿ ಅಲುಗುತ್ತದೆ. ಆ ಬಂಡೆಗಳಿಗೆ ಗೌಡನೂ ಗೊತ್ತಿಲ್ಲ, ಎಲೆ ಅಡಿಕೆಯೂ ಗೊತ್ತಿಲ್ಲ. ಅಂದಿನವರಿಗೆ ಇದು ತಿಳಿದಿರಲಿಲ್ಲ ಎಂದು ಅವರನ್ನು ಬಯ್ಯುವುದು ತಪ್ಪು. ನಾನು ಬಯ್ಯುವುದು ಅದಕ್ಕಲ್ಲ. ಒಳಗಿನಿಂದ ಮನುಷ್ಯನೊಬ್ಬ ಓ ಎನ್ನುವುದು ಕೇಳಿಸುತ್ತಿತ್ತಲ್ಲ, ಅದು ತಿಳಿಯಲು ಯಾವ ಶಾಲೆ ಬೇಕು?

ಇನ್ನು ಅಗೆತವೆಲ್ಲ ವೀಳ್ಯದ ಪಾಳಿಯಲ್ಲೇ ನಡೆಯಬೇಕು ಎಂದು ಗೌಡ ಕಟ್ಟು ಮಾಡಿದ. ಗುಡಿಸಲಿನವರ ಹೊಟ್ಟೆ ನೆಲದಡಿ ಅವನು ತುಂಬಿಟ್ಟ ಹಗೇವಿನ ಜೋಳದಲ್ಲಿತ್ತು, ದುರಗಪ್ಪ ಎದುರಾಡಲಿಲ್ಲ. ಮೊದಲು ಗುಡಿ, ದೇವರ ಹಿತ್ತಾಳೆಯ ಮುಖ ಹೊರಗೆ ಬರುವ ತನಕ ಮನುಷ್ಯರ ಮೈ ಮುಟ್ಟುವಂತಿಲ್ಲ. ಆಮೇಲೆ ಗೌಡನ ವಾಡೆ. ಅಲ್ಲಿ ಅವನ ತಾಯಿ, ಹೆಂಡತಿ ಇಬ್ಬರೂ ಹೆಣವಾಗಿ ಬಂದರು. ಅವನು ಅತ್ತ. ಕಣ್ಣೊರೆಸಿಕೊಂಡು, ಮುಂದೆ ಕುಲಕರ್ಣಿಯ ಮನೆ ಎಂದ. ಅವನು ದುಷ್ಟನಾಗಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಊಟ ಬಿಟ್ಟು ಬಿಸಿಲಲ್ಲಿ ನಿಂತು ತಾನೂ ಕಲ್ಲು ಹೊತ್ತ ಎನ್ನುತ್ತಾರೆ. ಪ್ರತಿ ಮನೆಯ ಮುಂದೆ ಬದುಕಿದ್ದವರನ್ನು ಕರೆದು, ಕೈಗೆ ಎಲೆ ಅಡಿಕೆ ಕೊಟ್ಟು, ನಿಮ್ಮ ಪಾಳಿ ಬಂತು ಎಂದು ಹೇಳಿ ಹಾರೆ ಹಾಕಿಸುತ್ತಿದ್ದ. ಎಲೆ ಎಲ್ಲಿಂದ ತಂದರೋ ದೇವರೇ ಬಲ್ಲ, ಕುಡಿಯುವ ನೀರಿಗೆ ಗತಿಯಿರಲಿಲ್ಲ. ಗುಡಿಸಲಿನವರ ಕೈ ಮುಟ್ಟಿ ಹೊರಬಂದ ಜೀವಗಳಿಗೆ ನೀರು ಕೊಡುವ ಮೊದಲು ಗೋಮೂತ್ರ ಚಿಮುಕಿಸಿ ಮಡಿ ಮಾಡಬೇಕೆಂದರು. ಕುಲಕರ್ಣಿಯ ವಯಸ್ಸಾದ ಅಕ್ಕ ಬಾಯಿ ತೆರೆದುಕೊಂಡು ನೀರು ನೀರು ಎನ್ನುತ್ತ ಮಡಿಯಾಗುವುದನ್ನು ಕಾಯುತ್ತಲೇ ಕಣ್ಣು ಮುಚ್ಚಿದಳು. ಸುತ್ತಲಿನ ಹಳ್ಳಿಯವರು ಗಾಡಿಗಟ್ಟಲೆ ರೊಟ್ಟಿ ಕಳಿಸಿದರು. ಅದನ್ನೂ ಪಾಳಿಯಲ್ಲೇ ಹಂಚಿದರು. ಎಲ್ಲರೂ ಸತ್ತುಹೋಗಿದ್ದ ಮನೆಗಳ ಪಾಲನ್ನೂ ಎತ್ತಿಟ್ಟರು, ಅದು ಬಿಸಿಲಿಗೆ ಹಳಸಿ ನೊಣ ಮುತ್ತಿ ನಾರಿತು. ಹಸಿದವರು ಅದರ ಪಕ್ಕದಲ್ಲಿ ಕೂತಿದ್ದರು, ಕೈ ಹಾಕಲಿಲ್ಲ. ಇದನ್ನು ಹೇಳುವಾಗ ಅಜ್ಜ ಪ್ರತಿ ಸಲವೂ ಎದ್ದು ಹೊರಗೆ ಹೋಗಿ ಉಗುಳಿ ಬರುತ್ತಿದ್ದರು.

ಪಾಳಿ ಹೀಗೆ ಇಳಿಯುತ್ತಿರುವಾಗ ತುಳಜವ್ವ ತನ್ನ ರಾಶಿಯ ಮೇಲಿಂದ ಕದಲಿರಲಿಲ್ಲ. ಕೈಗೆ ಸಿಕ್ಕ ಕಲ್ಲನ್ನೆಲ್ಲ ಸರಿಸಿದಳು, ಉಗುರು ಕಿತ್ತುಬಂದವು, ತೊಲೆಯ ಮೇಲಿನ ಭಾರ ಅವಳಿಂದ ಸರಿಯುವಂಥದ್ದಲ್ಲ. ಅವಳ ಗೋಳು ನೋಡಲಾರದೆ ದುರಗಪ್ಪ ಒಮ್ಮೆ ಗೌಡ ಕೆರೆಯ ಕಡೆ ಹೋಗಿದ್ದ ಹೊತ್ತು ನೋಡಿ ತನ್ನ ತಮ್ಮನನ್ನು ಕರೆದುಕೊಂಡು ಬಂದು ಅಗೆಯತೊಡಗಿದ. ತೊಲೆಯ ತುದಿ ಕಾಣಿಸಿತು. ಆಗಲೇ ನೆಲ ಮತ್ತೊಮ್ಮೆ ಅಲುಗಿ, ಮೇಲಿನ ಕಲ್ಲು ಉರುಳಿ ತಮ್ಮನ ಪಾದ ಜಜ್ಜಿಹೋಯಿತು. ಅಲ್ಲಿಯವರೆಗೆ ಗೌಡನಿಗೆ ಹೆದರಿದ್ದ ದುರಗಪ್ಪ ಈಗ ಎಲೆಗೆ ಹೆದರಿದ. ಅವನು ತಮ್ಮನನ್ನು ಹೊತ್ತುಕೊಂಡು ಹೋದಾಗ ಸಂದಿಯೊಳಗಿನಿಂದ ಸಾಯಬಣ್ಣ ಹೇಳಿದ ಮಾತು ಇನ್ನೂ ಅಸಹ್ಯ.

"ತುಳಜಾ, ಅವರಿಗಿ ಮತ್ತ ಕರೀಬ್ಯಾಡ. ನನ್ನ ಪಾಳಿ ಕಡೀದು. ಒಮ್ಮಿ ಮುಂದ ಹೋಗಿ ಇಷ್ಟೆಲ್ಲಾ ಆಗ್ಯದ."

ಮಣ್ಣಿನಡಿ ಸಿಕ್ಕಿಬಿದ್ದ ಮನುಷ್ಯನ ಬಾಯಲ್ಲೇ ಈ ಮಾತು ಬರುವಂತೆ ಮಾಡಿದ್ದರಲ್ಲ, ಆ ಊರಿಗೆ ಏನು ಹೇಳುವುದು? ಗೌಡ ಅಗಸಿಗೆ ಕಾವಲು ಹಾಕಬೇಕಾಗಿರಲಿಲ್ಲ, ಕಾವಲು ಕುಂಬಾರನ ಎದೆಯೊಳಗೇ ಇತ್ತು. ಆಮೇಲೆ ಅವನು ಕೇಳುತ್ತಿದ್ದದ್ದು ಒಂದೇ, ಪಾಳಿ ಎಲ್ಲಿಗೆ ಬಂತು ಎಂದು. ಮೊದಮೊದಲು ತುಳಜವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಠದ ಮನೆಗೆ ಬಂದದ ಎಂದರೆ, ಇನ್ನೂ ಭಾಳ ಅದ ಹಂಗಾರ ಎಂದು ಅವನು ಸುಮ್ಮನಾಗುತ್ತಿದ್ದ, ಆ ಸುಮ್ಮನೆ ಇರುವುದು ಸಲಸಲಕ್ಕೆ ಉದ್ದವಾಗುತ್ತಿತ್ತು. ಅದಕ್ಕೆ ಹೆದರಿ ಅವಳು ಸುಳ್ಳು ಹೇಳತೊಡಗಿದಳು. ಒಕ್ಕಲಿಗರ ಮನೆಗಳನ್ನು ಅಗೆಯುವಾಗ ಗಾಣಿಗರ ಮನೆಗೆ ಬಂತು ಎಂದಳು. ಗಾಣಿಗರ ಮನೆ ಬಂದಾಗ ಬಡಿಗೇರರ ಮನೆ ಎಂದಳು. ನಡುವಿನಲ್ಲಿ ನಮ್ಮ ಮನೆಯ ಪಾಳಿಯೂ ಬಂದು ಹೋಯಿತು. ನನ್ನ ಅಜ್ಜನ ಅಜ್ಜಿ, ಆಗಿನ್ನೂ ತೊಟ್ಟಿಲ ಕೂಸು, ಉಸಿರಾಡುತ್ತಲೇ ಹೊರಬಂದಳಂತೆ. ಅವಳು ಬಂದದ್ದರಿಂದ ನಾನಿದ್ದೇನೆ. ಇದು ನನಗೆ ಗೊತ್ತಿರುವುದರಿಂದಲೇ ಈ ಕತೆಯನ್ನು ರಾಜನ ಕತೆಯಾಗಿಸಿ ಮಾರಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೇನು ಕುಂಬಾರನ ಮನೆಗೆ ಹತ್ತಿರ ಬಂತು ಎನ್ನುವಾಗ ಎದುರಾದದ್ದು ಪತ್ತಾರನ ಮನೆ. ಆ ಪತ್ತಾರ ಅಕ್ಕಸಾಲೆ ಕೆಲಸ ಹುಡುಕಿಕೊಂಡು ಸಂಸಾರ ಸಮೇತ ಬೇರೆ ಊರಿಗೆ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಬೀಗ ಹಾಕಿದ ಮನೆ ಬಿದ್ದಿತ್ತು. ಒಳಗೆ ನರಪಿಳ್ಳೆ ಇಲ್ಲವೆಂದು ಊರಿಗೆಲ್ಲ ಗೊತ್ತು. ಗೌಡ ಆ ಮನೆಯ ಪರವಾಗಿ ತಾನೇ ಎಲೆ ಅಡಿಕೆ ತೆಗೆದುಕೊಂಡು, ಅಗೆಯಿರಿ ಎಂದ. ತುಳಜವ್ವ ಆಗ ರಾಶಿಯಿಂದ ಇಳಿದು ಬಂದು ಅವನ ಮುಂದೆ ನೆಲ ಮುಟ್ಟಿ ನಮಸ್ಕಾರ ಮಾಡಿ ನಿಂತಳು.

"ಗೌಡ್ರ, ಅವರು ಇನ್ನಾ ಮಾತಾಡ್ಲಿಕತ್ತಾರ. ದನಿ ಸಣ್ಣ ಆಗ್ಯದ್ರಿ. ಈ ಖಾಲಿ ಮನಿ ಆಮ್ಯಾಲ ತಗದ್ರ ಯಾರಿಗೇನ್ ಲುಕ್ಸಾನ ಆಗತದ?"

"ಮನಿ ಖಾಲಿ ಇದ್ರ ಅದರ ಪಾಳಿ ಖಾಲಿ ಇರತದೇನವ್ವ?" ಎಂದ ಗೌಡ. ಸಿಟ್ಟಿನಿಂದಲ್ಲ, ತಿಳಿಹೇಳುವ ದನಿಯಲ್ಲಿ. "ಇಷ್ಟ ದಿನ ತಡದೀರಿ, ಇನ್ನೊಂದೀಟು ತಡೀರಿ. ಊರಿನ ಸಲುವಾಗಿ."

ಆ ಖಾಲಿ ಮನೆಯನ್ನು ಬುಡದ ತನಕ ಅಗೆದರು. ಬೆಳಗ್ಗೆ ಶುರುವಾದದ್ದು ಹೊತ್ತು ಮುಳುಗುವ ತನಕ ನಡೆಯಿತು. ಒಂದು ತುಕ್ಕುಹಿಡಿದ ಅಗ್ಗಿಷ್ಟಿಕೆಯ ತಟ್ಟೆ ಸಿಕ್ಕಿತಂತೆ. ಅದನ್ನು ಒರೆಸಿ ಪಕ್ಕಕ್ಕಿಟ್ಟರು. ಸಂದಿಯ ಬಳಿ ಕೂತಿದ್ದ ತುಳಜವ್ವ, ಪಾಳಿ ಬಂತು, ಈಗ ನಿಮ್ಮದೇ ಎಂದು ಒಳಗೆ ಹೇಳಿದಳು. ಉತ್ತರ ಬರಲಿಲ್ಲ. ಇಳಿಬಿಟ್ಟ ಸೆರಗನ್ನು ಎಳೆದಳು. ಅಲ್ಲಿಯವರೆಗೆ ಕೆಳಗಿನಿಂದ ಅವನು ತುದಿಯನ್ನು ಹಿಡಿದಿರುತ್ತಿದ್ದ, ಎಳೆದರೆ ಬಿಗಿಯಾಗಿರುತ್ತಿತ್ತು. ಈಗ ಸೆರಗು ತಾನಾಗಿ ಮೇಲೆ ಬಂತು.

ಮರುದಿನ ಬೆಳಗ್ಗೆ ದ್ಯಾವನಗೌಡ ಹಿರಿಯರನ್ನೂ ಆಳುಗಳನ್ನೂ ಕರೆದುಕೊಂಡು ಕುಂಬಾರನ ರಾಶಿಯ ಮುಂದೆ ಬಂದು, ಎಲೆ ಅಡಿಕೆ ಮುಂದೆ ಚಾಚಿ, ತುಳಜವ್ವ, ನಿಮ್ಮ ಪಾಳಿ ಬಂತು ಎಂದ. ಅವನ ಮುಖದಲ್ಲಿ ಒಂದು ಸಮಾಧಾನವಿತ್ತು ಎನ್ನುತ್ತಾರೆ, ಒಪ್ಪಿಕೊಂಡ ಕೆಲಸ ಮುಗಿಸಿದವನ ಸಮಾಧಾನ. ತುಳಜವ್ವ ಎದ್ದು ಬಂದು ಎರಡೂ ಕೈ ಚಾಚಿ ಎಲೆ ತೆಗೆದುಕೊಂಡಳು. ಅಡಿಕೆ ಇಟ್ಟು, ಸುಣ್ಣ ಸವರಿ, ಮಡಿಚಿ ಬಾಯಿಗೆ ಹಾಕಿಕೊಂಡಳು. ಅಷ್ಟು ಜನರ ಮುಂದೆ, ಏನೂ ಅವಸರವಿಲ್ಲದವಳಂತೆ, ಬಾಯಿ ಕೆಂಪಾಗುವ ತನಕ ಅಗಿದಳು. ಆಮೇಲೆ ಗೌಡನ ಪಾದದ ಮೇಲೆ ಉಗುಳಿದಳು.

"ದಿನಾ ಕೇಳತಿದ್ರು, ಪಾಳಿ ಎಲ್ಲಿಗಿ ಬಂತು ಅಂತ. ಈಗ ಬಂದದ, ಕೇಳಾವ್ರು ಇಲ್ಲ. ನಿಮ್ಮ ಪಾಳಿ ನಿಮಗ ಇರಲಿ. ಇಲ್ಲಿ ಯಾರರೆ ಹಾರಿ ಹಾಕಿದ್ರ ಆ ಹಾರೀಲೇ ನನ್ನ ತಲಿ ಒಡೀರಿ ಮೊದಲ."

ದುರಗಪ್ಪ ಕೈಯಲ್ಲಿದ್ದ ಹಾರೆಯನ್ನು ಕೆಳಗೆ ಹಾಕಿದ. ಅವನ ಹಿಂದಿದ್ದವರೂ ಹಾಕಿದರು. ತುಳಜವ್ವ ಪತ್ತಾರನ ಖಾಲಿ ಮನೆಯಿಂದ ಅಗೆದು ಹಾಕಿದ್ದ ಕಲ್ಲುಗಳಲ್ಲಿ ಒಂದನ್ನು ಹೊತ್ತು ತಂದು ಗಂಡನ ಮೇಲಿನ ರಾಶಿಗೆ ಇಟ್ಟಳು. ದುರಗಪ್ಪ ಇನ್ನೊಂದು ತಂದ. ಆಮೇಲೆ ಗುಡಿಸಲಿನ ಹೆಂಗಸರು ಗಂಡಸರೆಲ್ಲ ಸೇರಿ ಆ ಖಾಲಿ ಮನೆಯ ಕಲ್ಲೆಲ್ಲವನ್ನೂ ತಂದು ಪೇರಿಸಿದರು. ಈಗ ನೀವು ನೋಡುವ ದಿಬ್ಬ ಎದ್ದದ್ದು ಹೀಗೆ. ಸಂದಿಯೊಂದನ್ನು ಮಾತ್ರ ಮುಚ್ಚಲಿಲ್ಲ. ಅವರು ಕಲ್ಲು ಪೇರಿಸುತ್ತಿರುವಾಗಲೇ ನೆಲ ಮತ್ತೆ ನಡುಗಿತು, ನಡುವೆ ಬಂದಿದ್ದ ಎಲ್ಲ ನಡುಕಗಳಿಗಿಂತ ಜೋರಾಗಿ. ಪಾಳಿ ಒಂದು ಮನೆಯೂ ತಪ್ಪದೆ ಮುಗಿದಿತ್ತು, ಆದರೂ ನಡುಗಿತು. ಇನ್ನಾದರೂ ಗೌಡನಿಗೆ ತಿಳಿಯಬೇಕಿತ್ತಲ್ಲ? ತಿಳಿಯಲಿಲ್ಲ. ಆ ಹೆಂಗಸು ಉಗುಳಿದ್ದಕ್ಕೆ ನಡುಗಿತು ಎಂದನಂತೆ, ಹಿರಿಯರು ಹೌದು ಎಂದು ತಲೆ ಆಡಿಸಿದರಂತೆ. ಥೂ.

ಆಮೇಲೆ ಗುಡಿಸಲಿನವರು ಯಾರೂ ಅಗಸಿಯೊಳಗೆ ಕೆಲಸಕ್ಕೆ ಬರಲಿಲ್ಲ. ಹಗೇವಿನ ಜೋಳ ಬೇಡ ಎಂದು ಹೊಳೆಯಾಚೆಯ ಹಳ್ಳಿಗಳಿಗೆ ಕೂಲಿಗೆ ಹೋದರು. ಕಲ್ಲು ಎತ್ತುವ ಕೈಗಳಿಲ್ಲದೆ ಹಳೆಯ ಊರು ಬಿದ್ದಲ್ಲೇ ಉಳಿಯಿತು, ಒಳಗಿನವರು ಒಬ್ಬೊಬ್ಬರಾಗಿ ಈಗಿನ ಜಾಗಕ್ಕೆ ಬಂದು ಗಿಡ್ಡ ಗೋಡೆಯ ಮನೆ ಕಟ್ಟಿಕೊಂಡರು. ತುಳಜವ್ವ ಗುಡಿಸಲಿನ ಕೇರಿಯಲ್ಲೇ ಇದ್ದುಬಿಟ್ಟಳು. ಬದುಕಿರುವ ತನಕ ದಿನವೂ ಒಂದು ಬಿಂದಿಗೆ ನೀರು ಹೊತ್ತು ತಂದು ಆ ಸಂದಿಯಲ್ಲಿ ಸುರಿದು ಹೋಗುತ್ತಿದ್ದಳು. ಯಾಕವ್ವ ಎಂದು ಕೇಳಿದವರಿಗೆ, ಅವರಿಗಿ ನೀರಡಿಸಿರತದ ಎನ್ನುತ್ತಿದ್ದಳಂತೆ. ಅವಳು ಹೋದ ಮೇಲೆ ಆ ಕೇರಿಯ ಹೆಂಗಸರು ಸುರಿದರು. ಆಮೇಲಾಮೇಲೆ ಎಲ್ಲ ಕೇರಿಯವರೂ ಸುರಿಯತೊಡಗಿದರು. ಯಾರು ಮೊದಲು ಬಂದರೆ ಅವರು ಮೊದಲು. ನಾನು ಚಿಕ್ಕವನಿದ್ದಾಗ ಕಂಡದ್ದೂ ಹಾಗೆಯೇ. ಜನರ ಬಾಯಲ್ಲಿ ಆ ಜಾಗಕ್ಕೆ ಪಾಳಿದಿಬ್ಬ ಎಂದು ಹೆಸರು ನಿಂತಿತು. ಸಾಯಬಣ್ಣನನ್ನು ಮಾತ್ರ ಯಾರೂ ಹೊರಗೆ ತೆಗೆಯಲಿಲ್ಲ. ಫೋಟೋ ತೆಗೆಸಿಕೊಳ್ಳಲು ದಿಬ್ಬ ಹತ್ತುತ್ತೀರಲ್ಲ, ಅವನ ಮೇಲೆಯೇ ಹತ್ತುತ್ತೀರಿ.

ಈಗ ಹೋದರೆ ದಿಬ್ಬದ ಹೊಳೆಯ ಕಡೆಯ ಮಗ್ಗುಲಲ್ಲಿ ನಿಮಗೆ ಒಂದು ಮಂಟಪ ಕಾಣುತ್ತದೆ. ಹೋದ ವರ್ಷ ನಮ್ಮ ಊರಿನ ಜೀರ್ಣೋದ್ಧಾರ ಸಮಿತಿಯವರು ಕಟ್ಟಿಸಿದ್ದು. ತೆಳ್ಳಗಿನ ನಾಲ್ಕು ಕಂಬ, ಮೇಲೆ ಮೊಳ ದಪ್ಪದ ಸಿಮೆಂಟಿನ ಚಪ್ಪಡಿ. ನೆಲ ನಡುಗುವ ಸೀಮೆಯಲ್ಲಿ ಇಂಥದ್ದನ್ನು ಕಟ್ಟಬೇಕೆಂದರೆ ಅದಕ್ಕೊಂದು ವಿಶೇಷ ಬುದ್ಧಿ ಬೇಕು. ನಾನು ಹೋಗಿ ಹೇಳಿದೆ. ಅಜ್ಜಾ, ನಿಮಗೆ ಯಾಕೆ ಚಿಂತೆ, ಎಂಜಿನಿಯರ್ ನೋಡಿದ್ದಾರೆ ಎಂದರು. ನೀರು ಸುರಿಯುವ ಸಂದಿಯ ಮೇಲೆ ಹೊಳಪು ಕೊಟ್ಟ ಕರಿಯ ಗ್ರಾನೈಟು ಹಾಕಿ, ಅದರ ಮೇಲೆ ಹೆಸರು ಕೆತ್ತಿಸಿದ್ದಾರೆ. ಮೇಲೆ ಅಧ್ಯಕ್ಷರದು, ಅದರ ಕೆಳಗೆ ಉಪಾಧ್ಯಕ್ಷರದು, ಅದರ ಕೆಳಗೆ ಉಳಿದವರದು, ಇಳಿಯುತ್ತ ಇಳಿಯುತ್ತ ಅಕ್ಷರ ಸಣ್ಣದಾಗುತ್ತದೆ. ಸಾಯಬಣ್ಣನ ಹೆಸರು ಹಾಕಿಲ್ಲ. ತುಳಜವ್ವನದೂ ಇಲ್ಲ. ಹೆಂಗಸರು ಇವತ್ತಿಗೂ ನೀರು ತರುತ್ತಾರೆ. ಸಂದಿ ಎಲ್ಲಿತ್ತೆಂದು ಅವರಿಗೆ ಗೊತ್ತು, ಅದೇ ಜಾಗ ನೋಡಿ ಬಿಂದಿಗೆ ಬಗ್ಗಿಸುತ್ತಾರೆ. ನೀರು ಅಧ್ಯಕ್ಷರ ಹೆಸರಿನಿಂದ ಕೆಳಗಿನವರ ಹೆಸರುಗಳ ಮೇಲೆ ಹರಿದು, ಮೆಟ್ಟಿಲು ಇಳಿದು, ಜನ ಕಳಚಿಟ್ಟ ಚಪ್ಪಲಿಗಳನ್ನು ತೋಯಿಸಿ ರಸ್ತೆಗೆ ಹೋಗುತ್ತದೆ. ಒಳಗೆ ಒಂದು ಹನಿಯೂ ಇಳಿಯುವುದಿಲ್ಲ.